ಕರಾವಳಿಯ ಹಳೆ ಫೋಟೊ, ಅಂಚೆ ಕಾರ್ಡು: ಬೂಷ್ಟಿನಿಂದ ಉಳಿಸುವುದು ಹೇಗೆ?

ಉಳ್ಳಾಲದಿಂದ ಕಾರವಾರದವರೆಗೆ ಹಳೆ ಮನೆಗಳ ಟ್ರಂಕುಗಳಲ್ಲಿ ಊರಿನ ಚರಿತ್ರೆ ಮಡಚಿ ಕೂತಿದೆ: ರಂಪಣಿ ಬಲೆ ಎಳೆಯುವ ಜನ, ಬಂದರಿಗೆ ಬಂದ ಮಂಜಿ (ಸರಕು ಸಾಗಿಸುವ ಹಾಯಿಹಡಗು), ಹೆಂಚಿನ ಕಾರ್ಖಾನೆಯ ಅಂಗಳ. ಕಪ್ಪು ಬಿಳುಪು ಫೋಟೊದ ಮೇಲ್ಪದರ ಸಾಮಾನ್ಯವಾಗಿ ಜೆಲಟಿನ್, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು. ಗಾಳಿಯ ತೇವಾಂಶ ಶೇ 65 ದಾಟಿತೆಂದರೆ ಅದು ಬೂಷ್ಟಿಗೆ ಊಟ. ನಮ್ಮ ಮಳೆಗಾಲದಲ್ಲಿ ತೇವಾಂಶ ಶೇ 80ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಹಾಗಾಗಿ ಈ ಕೆಲಸವನ್ನು ಡಿಸೆಂಬರ್–ಮಾರ್ಚ್ ನಡುವೆ ಇಟ್ಟುಕೊಳ್ಳಿ.

ಬಿಡಿಸುವಾಗ

ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಅಂಚು ಮಾತ್ರ ಹಿಡಿಯಿರಿ. ಫೋಟೊ ಚೌಕಟ್ಟಿನ ಗಾಜಿಗೆ ಅಂಟಿದ್ದರೆ ಎಳೆಯಲೇಬೇಡಿ. ಮುಖಗಳೆಲ್ಲ ಗಾಜಿನಲ್ಲೇ ಉಳಿದುಬಿಡುತ್ತವೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆ, ಸ್ಪಿರಿಟ್, ಬಿಸಿಲು ಮೂರೂ ಬೇಡ. ಒಣ ಕೋಣೆಯಲ್ಲಿ ಒಂದೆರಡು ದಿನ ಬಿಟ್ಟು, ಬೂಷ್ಟು ಪುಡಿಯಾದ ಮೇಲೆ ಹೊರಗಿನ ನೆರಳಲ್ಲಿ ಮಾಸ್ಕ್ ಕಟ್ಟಿಕೊಂಡು ಮೆತ್ತನೆಯ ಅಗಲ ಬ್ರಷ್‌ನಿಂದ ಹಗುರವಾಗಿ ಗುಡಿಸಿ. ಹಸಿ ಇರುವಾಗ ಒರೆಸಿದರೆ ಬೂಷ್ಟಿನ ಜೊತೆ ಚಿತ್ರವೂ ಹೋಗುತ್ತದೆ.

ಸ್ಕ್ಯಾನ್

ಅಂಚೆ ಕಾರ್ಡಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ), ಪಾಸ್‌ಪೋರ್ಟ್ ಅಳತೆಯ ಚಿತ್ರಕ್ಕೆ 1200. ಕಪ್ಪು ಬಿಳುಪು ಫೋಟೊವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಮಾಸಿದ ಶಾಯಿ, ಕಲೆ ಬೇರೆಬೇರೆಯಾಗಿ ಕಾಣುವುದು ಆಗಲೇ. ಕಡತ ಟಿಫ್ (ಚಿತ್ರದ ವಿವರ ಕಳೆಯದೆ ಉಳಿಸುವ ಬಗೆ) ರೂಪದಲ್ಲಿರಲಿ, ಒಂದು ಕಾರ್ಡಿನ ಒಂದು ಬದಿಗೆ ಸುಮಾರು 20 ಎಂಬಿ ಆಗುತ್ತದೆ. ತೆಳ್ಳಗಿನ ಅಗ್ಗದ ಸ್ಕ್ಯಾನರುಗಳು ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ಹಿಡಿಯುತ್ತವೆ. ಸೊಟ್ಟಗಾದ ಅಥವಾ ಚೌಕಟ್ಟಿನಲ್ಲಿರುವ ಚಿತ್ರಕ್ಕೆ ಗಾಜಿನಿಂದ ತುಸು ದೂರ ಇರುವುದನ್ನೂ ಸ್ಪಷ್ಟವಾಗಿ ಹಿಡಿಯುವ, ದಪ್ಪನೆಯ ಸಿಸಿಡಿ ಬಗೆಯ ಸ್ಕ್ಯಾನರ್ ಬೇಕು.

ಹಿಂಬದಿಯನ್ನು ಬಿಡಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಹೆಸರು, ಅಂಚೆ ಕಚೇರಿಯ ಠಸ್ಸೆ, ಸ್ಟುಡಿಯೊ ಮುದ್ರೆ ಇಲ್ಲದ ಚಿತ್ರ ಚಂದದ ಚಿತ್ರ ಅಷ್ಟೇ, ಊರಿನ ದಾಖಲೆಯಲ್ಲ.

ಕಾಲ ಹಚ್ಚುವುದು

ಕಾರ್ಡಿನ ಹಿಂದೆ ಬರೀ ವಿಳಾಸಕ್ಕೆ ಜಾಗವಿದ್ದು, ಒಕ್ಕಣೆಯನ್ನು ಚಿತ್ರದ ಬದಿಯಲ್ಲೇ ಗೀಚಿದ್ದರೆ ಅದು 20ನೇ ಶತಮಾನದ ಮೊದಲ ದಶಕದ್ದೋ ಅದಕ್ಕೂ ಹಿಂದಿನದೋ ಆಗಿರುವ ಸಾಧ್ಯತೆ ಹೆಚ್ಚು. ಸ್ಟಾಂಪಿನಲ್ಲಿ ನಯೇ ಪೈಸೆ ಎಂದಿದ್ದರೆ 1957ರ ಈಚಿನದು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಆದರೆ ಠಸ್ಸೆ ಹೇಳುವುದು ಕಾರ್ಡು ಅಂಚೆಗೆ ಬಿದ್ದ ದಿನವನ್ನು. ಒಂದೇ ಚಿತ್ರವನ್ನು ವರ್ಷಗಟ್ಟಲೆ ಅಚ್ಚು ಹಾಕಿ ಮಾರುತ್ತಿದ್ದರು. ಚಿತ್ರದೊಳಗನ್ನೂ ಓದಿ. ಕಾಪುವಿನ ದೀಪಸ್ತಂಭ ಕಂಡರೆ 1901ಕ್ಕಿಂತ ಹಿಂದಿನದಲ್ಲ, ಮಂಗಳೂರಿನಲ್ಲಿ ರೈಲು ಕಂಡರೆ 1907ಕ್ಕಿಂತ ಹಿಂದಿನದಲ್ಲ. 1970ರ ದಶಕದಲ್ಲಿ ಪರ್ಸಿನ್ ಬೋಟುಗಳು (ಮೀನಿನ ಹಿಂಡನ್ನು ಸುತ್ತುವ ದೊಡ್ಡ ಬಲೆಯ ಯಾಂತ್ರಿಕ ದೋಣಿ) ಬಂದ ಮೇಲೆ ರಂಪಣಿ ಇಳಿಮುಖವಾಯಿತು, ಆದರೆ ಒಮ್ಮೆಲೇ ನಿಲ್ಲಲಿಲ್ಲ. ಬಲೆಯೊಂದನ್ನೇ ನೋಡಿ ಇಸವಿ ಬರೆಯಬೇಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಚಿತ್ರಸಂಗ್ರಹ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ. ಅಂತರ್ಜಾಲದಲ್ಲಿ ನೋಡಲು ಸಿಗುತ್ತದೆ, ಹೋಲಿಸಿ ನೋಡಿ.

ಹಿರಿಯರಿಂದ ಹೆಸರು

ಎ4 ಅಳತೆಯ ಪ್ರಿಂಟ್ ಹಾಕಿಸಿ, ಮುಖಗಳಿಗೆ ಎಡದಿಂದ ಅಂಕಿ ಹಾಕಿಕೊಂಡು ಹೋಗಿ. ಅಜ್ಜಿ ಅಜ್ಜಂದಿರು ಅವರದೇ ಮಾತಿನಲ್ಲಿ ಹೇಳಲಿ. ತುಳು, ಕೊಂಕಣಿ, ಬ್ಯಾರಿಯಲ್ಲಿ ಬಂದ ಜಾಗದ ಹೆಸರು, ದೋಣಿಯ ಹೆಸರನ್ನು ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಇಬ್ಬರು ಬೇರೆಬೇರೆ ಹೆಸರು ಹೇಳಿದರೆ ಎರಡನ್ನೂ, ಹೇಳಿದವರ ಹೆಸರಿನೊಂದಿಗೆ ಬರೆಯಿರಿ. ಹತ್ತು ಜನರ ಪೈಕಿ ಆರು ಮಂದಿಯ ಗುರುತು ಸಿಕ್ಕಿದರೂ ದೊಡ್ಡ ಸಂಪತ್ತು. ಈ ಕೆಲಸ ಮಾತ್ರ ಮುಂದಿನ ವರ್ಷಕ್ಕೆ ಕಾಯುವಂಥದ್ದಲ್ಲ.

ಮೂಲ ಪ್ರತಿಯ ಹಿಂದೆ ಬಾಲ್ ಪೆನ್ ತಾಗಿಸಬೇಡಿ, ಗೀರು ಮುಂದಕ್ಕೆ ಮೂಡುತ್ತದೆ. ಅಂಚಿನಲ್ಲಿ 2ಬಿ ಪೆನ್ಸಿಲ್‌ನಿಂದ ಕ್ರಮಸಂಖ್ಯೆ ಸಾಕು. ಪ್ಲಾಸ್ಟಿಕ್ ಲೇಪದ ಹೊಸ ಪ್ರಿಂಟುಗಳಿಗೆ ಪೆನ್ಸಿಲ್ ಹತ್ತದು. ಲಕೋಟೆಯ ಮೇಲೆ ಬರೆಯಿರಿ, ಫೋಟೊ ಒಳಗಿಡುವ ಮೊದಲು.

ಇಡುವುದು

ಒಂದೊಂದನ್ನೂ ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಹಾಕಿ, ಬಿಗಿ ಮುಚ್ಚಳದ 10 ಲೀಟರ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಸುಮಾರು 100 ಗ್ರಾಂ ಜೊತೆಗೆ ಇಡಿ. ಒಳಗೊಂದು ಚಿಕ್ಕ ತೇವಮಾಪಕ ಇರಲಿ. ಶೇ 35ರಿಂದ 50ರ ನಡುವೆ ಸರಿ. ಅದಕ್ಕಿಂತ ಒಣಗಿದರೆ ಫೋಟೊ ಸುರುಳಿಯಾಗಿ ಬಿರಿಯುತ್ತದೆ, ಸ್ವಲ್ಪ ಜೆಲ್ ಹೊರತೆಗೆಯಿರಿ. ಲ್ಯಾಮಿನೇಷನ್, ನುಸಿಗುಳಿಗೆ, ಅಂಟು ಹಾಳೆಯ ಆಲ್ಬಂ, ಪಿವಿಸಿ ಕವರ್ ಬೇಡವೇ ಬೇಡ. ಡಬ್ಬವನ್ನು ನೆಲಕ್ಕೂ ಹೊರಗೋಡೆಗೂ ತಾಗಿಸದೆ ಒಳಕೋಣೆಯ ಕಪಾಟಿನಲ್ಲಿಡಿ. ಸ್ಕ್ಯಾನ್ ಕಡತಗಳ ಮೂರು ಪ್ರತಿ ಬೇಕು, ಅದರಲ್ಲೊಂದು ಸಮುದ್ರದಿಂದ ದೂರದ ಊರಿನ ನೆಂಟರ ಮನೆಯಲ್ಲಿ. ವರ್ಷಕ್ಕೊಮ್ಮೆ, ಮಳೆಗಾಲ ಶುರುವಾಗುವ ಮೊದಲು, ಡಿಸ್ಕ್ ಹಚ್ಚಿ ಕಡತ ತೆರೆಯುತ್ತದೆಯೇ ನೋಡಿ; ಅದೇ ದಿನ ಜೆಲ್ ಕೂಡ ಬದಲಿಸಿ.