ಊದಿದ ಮಂಡಿ, ಒಂದು ಪ್ರೋಬ್, ಮೈಸೂರಿನ ದಾರಿ

ಕೊಡಗಿನಲ್ಲಿ ಎಮರ್ಜೆನ್ಸಿ ಡ್ಯೂಟಿ ಮಾಡುವವರಿಗೆ ಮಂಡಿ ಪೆಟ್ಟು ಹೊಸದೇನಲ್ಲ. ಕರಿಮೆಣಸು ಕೊಯ್ಲಿನ ಸಮಯದಲ್ಲಿ ಏಣಿಯಿಂದ ಜಾರಿದವರು, ಬೇಸಿಗೆಯಲ್ಲಿ ಹಾಕಿ ಆಡಿ ಬಂದ ಹುಡುಗರು, ಮಳೆಗಾಲದಲ್ಲಂತೂ ಪಾಚಿ ಕಟ್ಟಿದ ಮೆಟ್ಟಿಲೇ ಸಾಕು. ಎಲ್ಲರದ್ದೂ ಒಂದೇ ಮಾತು: "ಉಳುಕಿದೆ ಅಷ್ಟೇ ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಡಿ."

ಹೆಚ್ಚಿನವು ಉಳುಕೇ. ಆದರೆ ಆಗೊಮ್ಮೆ ಈಗೊಮ್ಮೆ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ, ಹರಿದವರೂ ಬರುತ್ತಾರೆ. ಹರಿದ ಟೆಂಡನ್ ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದಿಲ್ಲ. ಮಂಡಿಚಿಪ್ಪು ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ ಒಂದು ಸುಳಿವು, ಅಷ್ಟೇ. ಎಂಆರ್‌ಐಗೆ ನಾವು ಕಳಿಸುವುದು ಮೈಸೂರಿಗೆ, ಮಡಿಕೇರಿಯಿಂದ ಸುಮಾರು 120 ಕಿ.ಮೀ. ದಿನಗೂಲಿಯವರಿಗೆ ಗಾಡಿ ಬಾಡಿಗೆ, ಹೋದ ಕೂಲಿ, ಜೊತೆಗೆ ಬರುವವರ ಕೂಲಿ. ಯಾರನ್ನು ಇವತ್ತೇ ಕಳಿಸಬೇಕು ಅಂತ ತೀರ್ಮಾನಿಸಲು ನನಗೆ ಅಲ್ಟ್ರಾಸೌಂಡ್ ಬೇಕು. ಚಂದದ ಚಿತ್ರಕ್ಕಲ್ಲ.

ಒಬ್ಬರ ವಿಷಯ ಹೇಳುತ್ತೇನೆ. ಐವತ್ತು ದಾಟಿದವರು, ಶುಗರ್ ಇದೆ. ಮೆಣಸು ಕೊಯ್ಯುವಾಗ ಏಣಿಯ ಒಂದು ಮೆಟ್ಟಿಲು ತಪ್ಪಿ ಕೆಳಗಿನದಕ್ಕೆ ಕಾಲು ಬಿತ್ತು, ಮಂಡಿ ಮಡಚುತ್ತಿರುವಾಗಲೇ ಇಡೀ ಮೈಭಾರ ಅದರ ಮೇಲೆ. ತೊಡೆಯ ಸ್ನಾಯುವನ್ನು ಚಿಪ್ಪಿಗೆ ಕಟ್ಟುವ ಕ್ವಾಡ್ರಿಸೆಪ್ಸ್ ಟೆಂಡನ್ ಹರಿಯುವುದು ಸಾಮಾನ್ಯವಾಗಿ ಹೀಗೇ. ಮಲಗಿಸಿ, "ಕಾಲು ನೆಟ್ಟಗೆ ಮಾಡಿ ಎತ್ತಿ" ಅಂದೆ. ಆಗಲಿಲ್ಲ. ನೋವಿಗಾ, ಹರಿದಿದ್ದಕ್ಕಾ? ಊತ ಎಷ್ಟಿತ್ತೆಂದರೆ ಟೆಂಡನ್ ಹರಿದರೆ ಚಿಪ್ಪಿಗಿಂತ ಮೇಲೆ ಆಗುವ ಹಳ್ಳ ಬೆರಳಿಗೆ ಸಿಗಲೇ ಇಲ್ಲ. ಎಕ್ಸ್‌ರೇಯಲ್ಲಿ ಚಿಪ್ಪು ಒಡೆದಿರಲಿಲ್ಲ.

ಮಂಡಿ ಕೆಳಗೆ ಟವೆಲ್ ಸುತ್ತಿ ಇಟ್ಟೆ. 20-30 ಡಿಗ್ರಿ ಮಡಚಿದ್ದರೆ ಟೆಂಡನ್ ಬಿಗಿಯಾಗಿರುತ್ತದೆ, ಇಲ್ಲದಿದ್ದರೆ ಸಡಿಲವಾಗಿ ಅಲೆಅಲೆಯಾಗಿ ಕಂಡು ಸುಮ್ನೆ ಗೊಂದಲ. ಜಾಸ್ತಿ ಜೆಲ್, ಹಗುರ ಕೈ, ಲಿನಿಯರ್ ಪ್ರೋಬ್ (ಮೈಮೇಲೆ ಆಡಿಸುವ, ಚಪ್ಪಟೆ ಮುಖದ ಅಲ್ಟ್ರಾಸೌಂಡ್ ಹಿಡಿ) ತೊಡೆಯ ಉದ್ದಕ್ಕೆ. ಸರಿಯಾಗಿರುವ ಟೆಂಡನ್ ಬಾಚಿದ ಕೂದಲಿನ ಹಾಗೆ ಎಳೆಎಳೆಯಾಗಿ ಚಿಪ್ಪಿನವರೆಗೂ ಬರುತ್ತದೆ. ಇವರದ್ದು ಚಿಪ್ಪಿಗೆ ಸ್ವಲ್ಪ ಮೇಲೆ ನಿಂತುಬಿಟ್ಟಿತ್ತು, ಮುಂದೆ ಕಪ್ಪು. ಕಪ್ಪು ಕಂಡ ತಕ್ಷಣ ಹರಿದಿದೆ ಅನ್ನಬಾರದು. ಪ್ರೋಬ್ ಓರೆಯಾದರೆ ಒಳ್ಳೆಯ ಟೆಂಡನ್ ಕೂಡ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಅತ್ತಿತ್ತ ವಾಲಿಸಿ, ಅಡ್ಡಕ್ಕೂ ತಿರುಗಿಸಿ, ಇನ್ನೊಂದು ಮಂಡಿಯನ್ನೂ ನೋಡಿದೆ.

ಆಮೇಲೆ ಪ್ರೋಬ್ ಅಲ್ಲೇ ಹಿಡಿದು, "ತೊಡೆ ಬಿಗಿ ಮಾಡಿ" ಅಂದೆ. ಮೇಲಿನ ತುದಿ ಮೇಲಕ್ಕೆ ಸರಿಯಿತು, ಚಿಪ್ಪು ಮಿಸುಕಲಿಲ್ಲ. ಇದನ್ನು ಮಾಡಿಸದೆ ನಾನು ರಿಪೋರ್ಟ್ ಬರೆಯುವುದಿಲ್ಲ, ಯಾಕೆಂದರೆ ಹೆಪ್ಪುಗಟ್ಟಿದ ರಕ್ತ ಸಂದಿನಲ್ಲಿ ತುಂಬಿಕೊಂಡು ಟೆಂಡನ್ ಹಾಗೇ ನಟಿಸುತ್ತದೆ, ಸ್ಕ್ರೀನ್ ನಿಶ್ಚಲವಾಗಿದ್ದರೆ ಎಂಥವರೂ ಏಮಾರಬಹುದು.

ಚಿಪ್ಪಿನ ಕೆಳಗಿನ ಪಟೆಲ್ಲಾರ್ ಟೆಂಡನ್‌ಗೂ ಇದೇ ಕ್ರಮ, ಮಂಡಿಯ ಕೆಳಗೆ ಕಾಲಿನ ಮೂಳೆಯ ಉಬ್ಬಿನವರೆಗೆ. ಅದು ಹರಿಯುವುದು ಹೆಚ್ಚಾಗಿ ನಲವತ್ತರ ಒಳಗಿನವರಲ್ಲಿ, ಮೇಲಿನದ್ದು ನಲವತ್ತು ದಾಟಿದವರಲ್ಲಿ. ಟೆಂಡನ್ ಸೊರಗಿಸುವ ಕಿಡ್ನಿ ಕಾಯಿಲೆ, ಸ್ಟೀರಾಯ್ಡ್ ಇದೆಯಾ ಅಂತಲೂ ಕೇಳುತ್ತೇನೆ.

ಮೆಷಿನ್ ಚಿಕ್ಕದು, ಎಲ್ಲಿಗೆ ಬೇಕಾದರೂ ಒಯ್ಯಬಹುದಲ್ವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅದಕ್ಕೆ ಈ ಜಾಗದ ಹೆಸರಿಗೇ ನೋಂದಣಿ ಇದೆ, ನಾನು ನೋಡುವುದು ಮಂಡಿಯೇ ಆದರೂ.

ಅರ್ಧ ಹರಿದಿದ್ದರ ವಿಷಯದಲ್ಲಿ ನನ್ನ ಪ್ರೋಬ್ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಮಂಡಿ ನೆಟ್ಟಗಿರುವಂತೆ ಸ್ಪ್ಲಿಂಟ್ ಕಟ್ಟಿ ಎಂಆರ್‌ಐಗೆ ಬರೆಯುತ್ತೇನೆ, ಎರಡು ದಿನ ತಡವಾದರೂ ಪರವಾಗಿಲ್ಲ. ಪೂರ್ತಿ ಹರಿದಿದ್ದರೆ ಮಾತ್ರ ಕಾಯುವಂತಿಲ್ಲ. ವಾರಗಳು ಕಳೆದಂತೆ ಸ್ನಾಯು ಮೇಲಕ್ಕೆ ಎಳೆದುಕೊಂಡು ಕುಗ್ಗುತ್ತದೆ, ಹೊಲಿಯುವುದು ಕಷ್ಟ. ಮೆಣಸಿನ ಏಣಿಯವರನ್ನು ಅವತ್ತು ಸಂಜೆಯೇ ಸ್ಪ್ಲಿಂಟ್ ಕಟ್ಟಿ ಮೈಸೂರಿಗೆ ಕಳಿಸಿದೆ. ಅಲ್ಲಿನ ಮೂಳೆ ಡಾಕ್ಟರಿಗೆ ಫೋನ್‌ನಲ್ಲಿ ವಿಡಿಯೋ ಮೊದಲೇ ಹೋಗಿತ್ತು, ಅದೇ ವಾರ ಆಪರೇಷನ್ ಆಯಿತು.