‘ನಿಮ್ಮ ಪರಿಚಯ ಮಾಡಿಕೊಳ್ಳಿ’ ಅನ್ನೋದನ್ನು ನಿಲ್ಲಿಸಿದೆ, ಹೊಸಬರು ಮಾತಾಡಿದರು

ನಮ್ಮದು ಫೋಟೊಗ್ರಫಿ ಕಲಿಯುವವರ ಟೆಲಿಗ್ರಾಂ ಗ್ರೂಪ್. ಈಗ 1,400ರ ಆಸುಪಾಸು ಜನ ಇದ್ದಾರೆ. ಹೊಸಬರಿಗೆ ಪರಿಚಯ ಮಾಡಿಕೊಳ್ಳಿ ಅಂತ ಹೇಳೋದನ್ನೇ ನಿಲ್ಲಿಸಿ, ಒಬ್ಬೊಬ್ಬರನ್ನೂ ನಾನೇ ಮಾತಾಡಿಸುತ್ತೇನೆ ಅಂದಾಗ ಉಳಿದ ಅಡ್ಮಿನ್‌ಗಳು ನಕ್ಕರು. ‘ನಿಮಗೆ ಅಷ್ಟೊಂದು ಪುರುಸೊತ್ತು ಇದೆಯಾ?’ ಅಂತ ಒಬ್ಬರು ಕೇಳಿದರು. ಇನ್ನೊಬ್ಬರು ವೆಬ್‌ಸೈಟ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2006ರಲ್ಲಿ ಬರೆದ 90-9-1 ಲೆಕ್ಕ ತೆಗೆದರು. ನೂರಕ್ಕೆ 90 ಜನ ಸುಮ್ನೆ ಓದುತ್ತಾರೆ, 9 ಜನ ಆಗಾಗ ಬಾಯಿ ಬಿಡುತ್ತಾರೆ, ಒಬ್ಬರೇ ಎಲ್ಲ ಬರೆಯೋದು, ಅದನ್ನು ಬದಲಾಯಿಸೋಕೆ ಹೋಗಬೇಡಿ ಅಂದರು. ಈಗ ಅದೇ ಮಹಾಶಯರು ತಮ್ಮ ಇನ್ನೊಂದು ಗ್ರೂಪಿನಲ್ಲಿ ನನ್ನ ದಾರಿಯನ್ನೇ ಹಿಡಿದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗ್ರೂಪ್ ನಡೆಸುವವರಿಗೆ ಪಿನ್ ಮಾಡೋದು, ಬಾಟ್ (ತಾನಾಗಿ ಮೆಸೇಜ್ ಹಾಕುವ ಪ್ರೋಗ್ರಾಂ) ಹಾಕೋದು ಹೇಳಿಕೊಡಬೇಕಿಲ್ಲ. ನೇರ ಸೋಲಿಗೇ ಬರುತ್ತೇನೆ.

ಮೊದಲು ಎಲ್ಲರ ಹಾಗೆ ನಮ್ಮಲ್ಲೂ ಫಾರ್ಮ್ ಇತ್ತು. ಹೆಸರು, ಊರು, ಕೆಲಸ, ಕ್ಯಾಮೆರಾ, ಎಷ್ಟು ವರ್ಷದ ಅನುಭವ. ಸೇರಿದ ನೂರು ಜನರಲ್ಲಿ ಹತ್ತು ಮಂದಿ ತುಂಬಿದರೆ ಹೆಚ್ಚು. ತುಂಬಿದವರಿಗೆ ಸಿಕ್ಕಿದ್ದೇನು? ನಾಲ್ಕು ಹೆಬ್ಬೆರಳು, ಎರಡು ಕೈ ಮುಗಿಯುವ ಎಮೋಜಿ. ಅಲ್ಲಿಗೆ ಮಾತು ಮುಗೀತು. ತುಂಬದೇ ಇದ್ದವರನ್ನು ಆಮೇಲೆ ಒಬ್ಬೊಬ್ಬರಾಗಿ ವಿಚಾರಿಸಿದಾಗ ಕಾರಣ ಗೊತ್ತಾಯಿತು. ‘ಕ್ಯಾಮೆರಾ’ ಅನ್ನೋ ಸಾಲಿನಲ್ಲಿ ‘ಮೊಬೈಲ್ ಮಾತ್ರ’ ಅಂತ ಬರೆಯಲು ಎಷ್ಟೋ ಜನರಿಗೆ ನಾಚಿಕೆ. ಊರು, ಕೆಲಸ ಎರಡನ್ನೂ ಸಾವಿರ ಅಪರಿಚಿತರ ಮುಂದೆ ಹೇಳೋಕೆ ಹೆಂಗಸರಿಗೆ ಮನಸ್ಸಿಲ್ಲ. ಸರಿಯಾಗೇ ಇದೆ, ಅಲ್ವಾ? ನಂಬರ್ ಮುಚ್ಚಿಟ್ಟು ಯೂಸರ್‌ನೇಮ್ ಮೇಲೆ ಇರಬಹುದು ಅಂತಲೇ ನಾವು ಟೆಲಿಗ್ರಾಂಗೆ ಬಂದವರು. ಬಂದ ತಕ್ಷಣ ವಿಳಾಸ ಕೇಳಿದರೆ ಹೇಗೆ?

ಆಮೇಲೆ ದುಡ್ಡು ಸುರಿಯುವ ಕಾಲ ಬಂತು. ಸ್ವಾಗತ ಕೋರುವ ಬಾಟ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ, ತಿಂಗಳ ಲೆಕ್ಕಕ್ಕಿಂತ ಅಗ್ಗ ಅಂತ. ಮೂರು ತಿಂಗಳು ಬಳಸಿದ್ದರೆ ಹೆಚ್ಚು. ಕ್ರಿಪ್ಟೊ ಮಾರೋಕೆ ಬಂದ ಕಳ್ಳ ಖಾತೆಗಳನ್ನೂ ಅದು ಹೆಸರು ಹಿಡಿದು ಕುಟುಂಬಕ್ಕೆ ಸ್ವಾಗತಿಸುತ್ತಿತ್ತು. ನಿಜವಾದ ಹೊಸಬರೊಬ್ಬರು ಕೇಳಿದ ಪ್ರಶ್ನೆ ಆ ಸ್ವಾಗತಗಳ ಸಾಲಿನಲ್ಲಿ ಮೇಲೆ ಸರಿದು ಮಾಯವಾಗುತ್ತಿತ್ತು. ನಂತರ ‘ಒಳ್ಳೆಯ ಪರಿಚಯಕ್ಕೆ ಗಿಫ್ಟ್ ವೋಚರ್’ ಅಂದೆವು. ಅಬ್ಬಾ, ಏನು ಉದ್ದುದ್ದ ಪರಿಚಯಗಳು! ಬಾಲ್ಯದಿಂದ ಶುರು. ಬಹುಮಾನ ಘೋಷಿಸಿದ ಮಾರನೇ ದಿನದಿಂದ ಅವರಲ್ಲಿ ಒಬ್ಬರದ್ದೂ ಸದ್ದಿಲ್ಲ, ಗೆದ್ದವರನ್ನೂ ಸೇರಿಸಿ. ಕೊನೆಗೆ ವೀಡಿಯೊ ಮೀಟಿಂಗ್‌ಗೆ ದುಡ್ಡು ಕಟ್ಟಿ ಭಾನುವಾರ ಎಲ್ಲರನ್ನೂ ಕರೆದೆ. ಬರ್ತೀವಿ ಅಂದವರು ಸುಮಾರು 40, ಬಂದವರು ಹತ್ತರೊಳಗೆ, ಕ್ಯಾಮೆರಾ ಆನ್ ಇಟ್ಟವರು ಅಡ್ಮಿನ್‌ಗಳು ಮಾತ್ರ. ಫೋಟೊಗ್ರಫಿ ಗ್ರೂಪ್ ನೋಡಿ! ಎಲ್ಲ ಸೇರಿಸಿದರೆ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಲೆನ್ಸ್ ಬರುತ್ತಿತ್ತು. ನನ್ನ ಹೆಂಡತಿ ಇದನ್ನು ಇವತ್ತಿಗೂ ನೆನಪಿಸುತ್ತಾಳೆ.

ಈಗ ಮಾಡುತ್ತಿರುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಹೊಸಬರು ತಮ್ಮ ಪರಿಚಯ ತಾವೇ ಹೇಳುವಂತಿಲ್ಲ. ನಾನು ಹೇಳುತ್ತೇನೆ.

ಸೇರಿದ ಒಂದೆರಡು ದಿನದೊಳಗೆ ಖಾಸಗಿಯಾಗಿ ಒಂದು ಮೆಸೇಜ್ ಹಾಕುತ್ತೇನೆ: ‘ನಮಸ್ಕಾರ, ನಾನು ಗ್ರೂಪಿನ ಅಡ್ಮಿನ್. ಈಚೆಗೆ ತೆಗೆದ ಫೋಟೊಗಳಲ್ಲಿ ನಿಮಗೆ ಬೇಸರ ತರಿಸಿದ್ದು ಯಾವುದು?’ ಇಷ್ಟೇ. ‘ಯಾಕೆ ಸೇರಿದಿರಿ’, ‘ಏನು ಕಲಿಯಬೇಕು’ ಅಂತೆಲ್ಲ ಕೇಳಿದರೆ ‘ಎಲ್ಲಾ ಕಲಿಯಬೇಕು ಸರ್’ ಅಂತ ಉತ್ತರ ಬರುತ್ತದೆ, ಅದನ್ನಿಟ್ಟುಕೊಂಡು ಏನೂ ಮಾಡೋಕಾಗಲ್ಲ. ಹಾಳಾದ ಫೋಟೊ ಬಗ್ಗೆ ಕೇಳಿದರೆ ಜನ ಮಾತಾಡುತ್ತಾರೆ. ಅರ್ಧಕ್ಕಿಂತ ಜಾಸ್ತಿ ಮಂದಿ ಫೋಟೊವನ್ನೇ ಕಳಿಸಿಬಿಡುತ್ತಾರೆ.

ಉದಾಹರಣೆಗೆ, ಒಬ್ಬರು ಮನೆಯೊಳಗೆ ಓಡಾಡುವ ಮಗುವಿನ ಫೋಟೊ ಕಳಿಸಿದರು. ಮುಖ ಪೂರ್ತಿ ಬ್ಲರ್. ಅವರ ಒಪ್ಪಿಗೆ ಪಡೆದು, ಫೋಟೊ ಹಾಕದೆ ಗ್ರೂಪಿನಲ್ಲಿ ಹೀಗೆ ಬರೆದೆ: ‘ಇವರು ಹೊಸದಾಗಿ ಬಂದಿದ್ದಾರೆ. ಕೈಯಲ್ಲಿ ಹಳೇ 50 ಎಂಎಂ ಲೆನ್ಸ್ ಇದೆ. ಓಡೋ ಮಗು ಪ್ರತಿ ಸಲ ಬ್ಲರ್ ಆಗುತ್ತಂತೆ. ಷಟರ್ ವೇಗ ಸೆಕೆಂಡಿನ 1/60ರಲ್ಲಿ ಇತ್ತು. ಬ್ಯಾಡ್ಮಿಂಟನ್ ಫೋಟೊ ತೆಗೆಯುವ ನೀವಿಬ್ಬರೂ ಒಳಾಂಗಣದಲ್ಲಿ ಎಷ್ಟಕ್ಕೆ ಇಡ್ತೀರಿ?’ ಇಬ್ಬರು ಹಳಬರನ್ನು ಟ್ಯಾಗ್ ಮಾಡಿದೆ. ಒಬ್ಬರು ‘1/500ಕ್ಕಿಂತ ಕೆಳಗೆ ಇಳಿಸಬೇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿದರೆ ಏರಲಿ’ ಅಂದರು. ಇನ್ನೊಬ್ಬರು ‘ಮಗು ಅಷ್ಟು ಜೋರಾಗಿ ಓಡಲ್ಲಪ್ಪ, 1/250 ಸಾಕು, ಕಿಟಕಿ ಪಕ್ಕ ಆಡಿಸಿ’ ಅಂದರು. ಇಬ್ಬರ ನಡುವೆ ಜಗಳ ಹತ್ತಿತು. ಹೊಸಬರು ಮಧ್ಯೆ ಬಂದು ಎರಡನ್ನೂ ನೋಡಿ ಬಂದು ಹೇಳ್ತೀನಿ ಅಂದರು. ಸಂಜೆಗೆ ಎರಡು ಫೋಟೊ ಹಾಕಿದರು. ಅವರ ಪರಿಚಯ ಆಯಿತಲ್ಲ! ಊರು ಯಾವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಟ್ಯಾಗ್ ಮಾಡಬೇಕಾದ್ದು ಇಬ್ಬರನ್ನೇ. ಒಬ್ಬರನ್ನೇ ಮಾಡಿದರೆ ಅವರು ಬ್ಯುಸಿ ಇದ್ದ ದಿನ ಮಾತು ಬಿದ್ದುಹೋಗುತ್ತದೆ. ಮೂವರಾದರೆ ಇನ್ನೊಬ್ಬರು ಹೇಳ್ತಾರೆ ಬಿಡು ಅಂತ ಮೂವರೂ ಸುಮ್ಮನಿರುತ್ತಾರೆ. ಮತ್ತೆ ಇಬ್ಬರೂ ಮಹಾ ಪಂಡಿತರಾಗಿರಬಾರದು. ಒಬ್ಬರಾದರೂ ಆರೆಂಟು ತಿಂಗಳ ಹಿಂದಷ್ಟೇ ಅದೇ ಕಷ್ಟ ದಾಟಿದವರಿರಬೇಕು. ಅವರ ಉತ್ತರದಲ್ಲಿ ತಾಳ್ಮೆ ಇರುತ್ತದೆ. ಯಾರಿಗೆ ಯಾರನ್ನು ಜೋಡಿಸಬೇಕು ಅನ್ನೋದಕ್ಕೆ ನನ್ನ ಹತ್ತಿರ ಒಂದು ಶೀಟ್ ಇದೆ, ಅದರಲ್ಲಿ ಏನೇನು ಕಾಲಂ ಇದೆ ಅಂತ ಮಾತ್ರ ಹೇಳಲ್ಲ. ಮೆಸೇಜಿಗೆ ಉತ್ತರವೇ ಕೊಡದವರಿಗೆ ವಾರ ಬಿಟ್ಟು ಕಳಿಸುವ ಎರಡನೇ ಸಾಲೂ ನನ್ನಲ್ಲೇ ಇರಲಿ. ಎಲ್ಲರೂ ಅದನ್ನೇ ಕಳಿಸೋಕೆ ಶುರು ಮಾಡಿದರೆ ಅದರ ಬೆಲೆ ಹೋಗುತ್ತದೆ.

‘ಮೊದಲ ಮೆಸೇಜನ್ನು ಬಾಟ್ ಕೈಲಿ ಕಳಿಸಬಾರದಾ?’ ಅಂತ ಕೇಳುವವರಿದ್ದಾರೆ. ಸುಮ್ನೆ ಗ್ರೂಪಿಗೆ ಬಂದವರಿಗೆ ಬಾಟ್ ತಾನಾಗಿ ಖಾಸಗಿ ಮೆಸೇಜ್ ಕಳಿಸೋಕಾಗಲ್ಲ, ಅವರೇ ಮೊದಲು ಸ್ಟಾರ್ಟ್ ಒತ್ತಬೇಕು. ಕೈಯಿಂದಲೇ ಒಂದೇ ಸಾಲನ್ನು ಐವತ್ತು ಅಪರಿಚಿತರಿಗೆ ಕಾಪಿ ಪೇಸ್ಟ್ ಮಾಡಿದರೂ ಕಷ್ಟ. ನಾಲ್ಕು ಜನ ಸ್ಪ್ಯಾಮ್ ಅಂತ ದೂರು ಕೊಟ್ಟರೆ ಖಾತೆಗೆ ನಿರ್ಬಂಧ ಬೀಳುತ್ತದೆ. ಅದಕ್ಕೆ ನಾನು ದಿನಕ್ಕೆ ನಾಲ್ಕೈದು ಜನರಿಗಿಂತ ಜಾಸ್ತಿ ಮುಟ್ಟುವುದಿಲ್ಲ. ಹೆಸರೋ, ಪ್ರೊಫೈಲ್ ಫೋಟೊವೋ ನೋಡಿ ಸಾಲನ್ನು ಸ್ವಲ್ಪ ಬದಲಿಸುತ್ತೇನೆ.

ಮಧ್ಯೆ ಧ್ವನಿ ಪರಿಚಯವನ್ನೂ ಪ್ರಯತ್ನಿಸಿದೆ. ಬರೆಯೋಕೆ ಹಿಂಜರಿಯುವವರು ವಾಯ್ಸ್ ನೋಟ್‌ನಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅಂತೀರಿ! ಆದರೆ ಕೇಳುವವರಿಲ್ಲ. ಆಫೀಸಿನಲ್ಲಿ, ಬಸ್ಸಿನಲ್ಲಿ ಯಾರು ಪ್ಲೇ ಮಾಡುತ್ತಾರೆ? ಕೆಳಗೆ ಎರಡು ಸಾಲು ಸಾರಾಂಶ ನಾನೇ ಬರೆದು ಹಾಕಿದ ಮೇಲೆ ಕೇಳೋಕೆ ಶುರು ಮಾಡಿದರು. ಮುಖದ ಬದಲು ಕ್ಯಾಮೆರಾ ಬ್ಯಾಗಿನ ಒಳಗಡೆ ಏನಿದೆ ಅಂತ ಫೋಟೊ ಹಾಕಿ ಅಂದದ್ದು ಇನ್ನೊಂದು ಆಟ. ಅದು ಹಳಬರಿಗೇ ಖುಷಿ ಕೊಟ್ಟಿತು. ಮೊಬೈಲ್ ಒಂದೇ ಇರುವ ಹೊಸಬರು ಮತ್ತೆ ಮೂಲೆ ಸೇರಿದರು, ಹಾಗಾಗಿ ಕೈಬಿಟ್ಟೆ.

ಲೆಕ್ಕ ಬೇಕಾದರೆ, ನೆನಪಿನಿಂದ ಹೇಳುತ್ತಿದ್ದೇನೆ. ಮೊದಲು ಸೇರಿದ ತಿಂಗಳೊಳಗೆ ಒಂದಾದರೂ ಮಾತಾಡಿದವರು ನೂರಕ್ಕೆ 7-8. ಈಗ 45ರ ಹತ್ತಿರ. ಖಾಸಗಿ ಮೆಸೇಜಿಗೆ ಉತ್ತರ ಕೊಡುವವರು 60ರ ಮೇಲೆ. ಮಾತಾಡಿದವರಲ್ಲಿ ಅರ್ಧ ಜನ ಮೂರು ತಿಂಗಳ ಮೇಲೂ ಉಳಿಯುತ್ತಾರೆ. ನೀಲ್ಸನ್ ಲೆಕ್ಕ ತೋರಿಸಿದವರಿಗೆ ಈ ಅಂಕಿಗಳನ್ನು ಕಳಿಸಿದ್ದೆ. ಅವರು ಹೆಬ್ಬೆರಳು ಹಾಕಿದರು, ಅಷ್ಟೇ.

ನನಗೆ ತಗಲುವ ಸಮಯ ದಿನಕ್ಕೆ ಇಪ್ಪತ್ತು ನಿಮಿಷದಷ್ಟು. ಯಾರೋ ಗ್ರೂಪಿನ ಲಿಂಕ್ ಎಲ್ಲೋ ಹಂಚಿ ಒಂದೇ ದಿನ ಎಂಬತ್ತು ಜನ ನುಗ್ಗಿದರೆ ಈ ಪದ್ಧತಿ ಕೈಕೊಡುತ್ತದೆ. ಅದಕ್ಕೆ ಈಗ ಲಿಂಕಿಗೆ ಅಡ್ಮಿನ್ ಒಪ್ಪಿಗೆ ಹಾಕಿದ್ದೇನೆ. ವಾರಕ್ಕೆ 25 ಜನರನ್ನಷ್ಟೇ ಒಳಗೆ ಬಿಡುತ್ತೇವೆ. ಮಿಕ್ಕವರು ಕಾಯುತ್ತಾರೆ. ಕಾದು ಬಂದವರು ನನ್ನ ಮೆಸೇಜಿಗೆ ಬೇಗ ಉತ್ತರ ಕೊಡುತ್ತಾರೆ. ಅದು ನಾನು ಯೋಚಿಸಿ ಮಾಡಿದ್ದಲ್ಲ. ಆದರೂ ಅಡ್ಮಿನ್‌ಗಳ ಮುಂದೆ ಯೋಚಿಸಿಯೇ ಮಾಡಿದ್ದು ಅಂತ ಹೇಳಿಕೊಂಡಿದ್ದೇನೆ.