ಕೌಂಟ್ ಇಳಿದಾಗ ಮಾರ್ಫಿನ್ ನಿಲ್ಲಿಸುವ ಮುನ್ನ: ನನ್ನ ಅನುಭವ

ಮಾರ್ಫಿನ್ ಮೇಲಿರುವ ರೋಗಿಯ ರಕ್ತದಲ್ಲಿ ಬಿಳಿ ಕಣಗಳ ಎಣಿಕೆ, ಅಂದರೆ ಕೌಂಟ್, ಕಡಿಮೆ ಬಂದರೆ ಎಲ್ಲರ ಕಣ್ಣೂ ಮೊದಲು ಬೀಳುವುದು ಮಾರ್ಫಿನ್ ಮೇಲೆಯೇ. ಮನೆಯವರು ಹೆದರುತ್ತಾರೆ, ಡ್ಯೂಟಿಯಲ್ಲಿರುವ ಕಿರಿಯ ವೈದ್ಯರೂ ಹೆದರುತ್ತಾರೆ, ರಾತ್ರೋರಾತ್ರಿ ಔಷಧಿ ನಿಂತುಹೋಗುತ್ತದೆ. ನೋವು ಚಿಕಿತ್ಸೆಯ ಕೆಲಸದಲ್ಲಿ ನಾನು ಹಿಡಿದಿರುವ ಕ್ರಮ ಇದಕ್ಕೆ ವಿರುದ್ಧವಾದದ್ದು. ಒಪಿಯಾಯ್ಡನ್ನು, ಅಂದರೆ ಮಾರ್ಫಿನ್ ಗುಂಪಿನ ನೋವಿನ ಔಷಧಿಯನ್ನು, ಅನುಮಾನದ ಪಟ್ಟಿಯ ಕೊನೆಗೆ ತಳ್ಳಿ, ಉಳಿದದ್ದನ್ನೆಲ್ಲ ಮೊದಲು ಜಾಲಾಡುತ್ತೇನೆ. ಮಾರ್ಫಿನ್, ಆಕ್ಸಿಕೋಡೋನ್, ಫೆಂಟನಿಲ್, ಟ್ರಮಡಾಲ್ ಇವುಗಳಿಂದ ಕೌಂಟ್ ಇಳಿಯುವುದು ಬಹಳ ಅಪರೂಪ. ಅವುಗಳ ಜೊತೆಗೆ ಅದೇ ರೋಗಿ ನುಂಗುವ ಬೇರೆ ಮಾತ್ರೆಗಳಿಂದ ಇಳಿಯುವುದು ಅಷ್ಟು ಅಪರೂಪವಲ್ಲ.

ಮೊದಲು ರಿಪೋರ್ಟ್ ನಿಜವೇ ಎಂದು ನೋಡಬೇಕು. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಹಾಕಿರುವ ನೇರಳೆ ಮುಚ್ಚಳದ ಟ್ಯೂಬನ್ನು 8ರಿಂದ 10 ಸಲ ಮೆಲ್ಲಗೆ ತಲೆಕೆಳಗು ಮಾಡದಿದ್ದರೆ ರಕ್ತ ಗಂಟು ಕಟ್ಟಿ, ಯಂತ್ರ ತಪ್ಪು ಸಂಖ್ಯೆ ಕೊಡುತ್ತದೆ. ಸ್ಯಾಂಪಲ್ ದಿನವಿಡೀ ಮೇಜಿನ ಮೇಲಿದ್ದರೂ ನ್ಯೂಟ್ರೋಫಿಲ್‌ಗಳು, ಅಂದರೆ ಸೋಂಕಿನೊಡನೆ ಹೋರಾಡುವ ಬಿಳಿ ಕಣಗಳು, ಹಾಳಾಗುತ್ತವೆ. ಕೆಲವರ ರಕ್ತಕ್ಕೆ ಇಡಿಟಿಎ ತಗುಲಿದರೆ ಸಾಕು, ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಥವರಿಗೆ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೊಮ್ಮೆ ತೆಗೆದು, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು. ಗಾಜಿನ ಮೇಲೆ ಸವರಿದ ರಕ್ತವನ್ನು (ಸ್ಮಿಯರ್) ಒಬ್ಬ ಮನುಷ್ಯ ಕಣ್ಣಿಟ್ಟು ನೋಡದೆ ನಾನು ಯಾವ ಔಷಧಿಯನ್ನೂ ದೂರುವುದಿಲ್ಲ.

ಎರಡನೆಯದು ಲೆಕ್ಕ. ಒಟ್ಟು ಕೌಂಟ್ ನೋಡಿ ತೀರ್ಮಾನಿಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಒಟ್ಟು ಕೌಂಟನ್ನು ನ್ಯೂಟ್ರೋಫಿಲ್ ಮತ್ತು ಬ್ಯಾಂಡ್ ಕಣಗಳ (ಇನ್ನೂ ಪೂರ್ತಿ ಬಲಿಯದ ನ್ಯೂಟ್ರೋಫಿಲ್‌ಗಳ) ಒಟ್ಟು ಶೇಕಡಾವಾರಿನಿಂದ ಗುಣಿಸಿ 100ರಿಂದ ಭಾಗಿಸಿದರೆ ಎಎನ್‌ಸಿ, ಅಂದರೆ ನ್ಯೂಟ್ರೋಫಿಲ್‌ಗಳ ನಿಜವಾದ ಸಂಖ್ಯೆ, ಸಿಗುತ್ತದೆ. ಒಟ್ಟು 3,400 ಇದ್ದು ನ್ಯೂಟ್ರೋಫಿಲ್ ಶೇ. 70 ಇದ್ದರೆ ಎಎನ್‌ಸಿ 2,380, ಚಿಂತೆಯಿಲ್ಲ. ಒಟ್ಟು 4,200 ಇದ್ದು ನ್ಯೂಟ್ರೋಫಿಲ್ ಶೇ. 20 ಮಾತ್ರ ಇದ್ದರೆ ಎಎನ್‌ಸಿ 840. ಮೊದಲನೆಯ ರಿಪೋರ್ಟಿನಲ್ಲಿ ಕೆಂಪು ಗುರುತು ಬರುತ್ತದೆ, ಎರಡನೆಯದರಲ್ಲಿ ಒಟ್ಟು ಕೌಂಟಿನ ಎದುರು ಏನೂ ಇರುವುದಿಲ್ಲ. ಅಪಾಯ ಇರುವುದು ಎರಡನೆಯದರಲ್ಲಿ. ಮೈಕ್ರೋಲೀಟರಿಗೆ 1,500ಕ್ಕಿಂತ ಕಡಿಮೆಯಿದ್ದರೆ ನ್ಯೂಟ್ರೋಪೀನಿಯಾ (ನ್ಯೂಟ್ರೋಫಿಲ್ ಕೊರತೆ), 1,000ಕ್ಕಿಂತ ಕೆಳಗೆ ಮಧ್ಯಮ, 500ಕ್ಕಿಂತ ಕೆಳಗೆ ತೀವ್ರ. ಹಳೆಯ ರಿಪೋರ್ಟ್‌ಗಳನ್ನು ಹುಡುಕಿ ಪಕ್ಕದಲ್ಲಿಡುವುದು ಕಡ್ಡಾಯ. ಹತ್ತು ವರ್ಷದಿಂದ 1,300ರ ಆಸುಪಾಸಿನಲ್ಲೇ ಇದ್ದು, ಸೋಂಕೇ ತಗುಲದವರಿದ್ದಾರೆ. ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾ ಮೂಲದವರಲ್ಲಿ ಇದು ಹುಟ್ಟಿನಿಂದಲೇ ಬರುವ ಸಹಜ ಮಟ್ಟವಾಗಿರಬಹುದು.

ಆಮೇಲೆ ಔಷಧಿಗಳ ಪಟ್ಟಿ. ನಾನು ಚೀಟಿ ನೋಡುವುದಿಲ್ಲ, ಮಾತ್ರೆಗಳ ಚೀಲವನ್ನೇ ತರಿಸಿಕೊಂಡು ಮೇಜಿನ ಮೇಲೆ ಸುರಿಯುತ್ತೇನೆ. ಪ್ರತಿ ಮಾತ್ರೆ ಸ್ಟ್ರಿಪ್ಪಿನ ಹಿಂದೆ ಶುರುಮಾಡಿದ ದಿನಾಂಕ ಬರೆದು, ಕೌಂಟ್ ಇಳಿದ ದಿನಾಂಕದ ಜೊತೆ ಹೊಂದಿಸಿ ನೋಡುತ್ತೇನೆ. ಔಷಧಿಯಿಂದ ನ್ಯೂಟ್ರೋಫಿಲ್ ಇಳಿಯುವುದು ಹೆಚ್ಚಾಗಿ ಶುರುಮಾಡಿದ ಮೊದಲ ಮೂರು ತಿಂಗಳಲ್ಲಿ. ಹಿಂದೊಮ್ಮೆ ತೆಗೆದುಕೊಂಡಿದ್ದ ಔಷಧಿಯನ್ನು ಮತ್ತೆ ಶುರುಮಾಡಿದ್ದರೆ ಗಂಟೆಗಳಲ್ಲೇ ಇಳಿಯಬಹುದು. ಎರಡು ವರ್ಷದಿಂದ ಒಂದೇ ಡೋಸಿನಲ್ಲಿರುವ ಮಾರ್ಫಿನ್‌ಗಿಂತ ಆರು ವಾರದ ಹಿಂದೆ ಸೇರಿದ ಮಾತ್ರೆಯ ಮೇಲೆ ನನ್ನ ಅನುಮಾನ ಹೆಚ್ಚು. ನೋವು, ಜ್ವರಕ್ಕೆ ಕೊಡುವ ಮೆಟಮಿಝೋಲ್ ಈ ವಿಷಯದಲ್ಲಿ ಕುಖ್ಯಾತ. ಅದಕ್ಕಾಗಿಯೇ ಹಲವು ದೇಶಗಳು ಅದನ್ನು ಮಾರುಕಟ್ಟೆಯಿಂದ ತೆಗೆದಿವೆ. ನರದ ನೋವಿಗೆ ಕೊಡುವ ಕಾರ್ಬಮಝೆಪಿನ್, ಥೈರಾಯ್ಡಿನ ಕಾರ್ಬಿಮಝೋಲ್, ಕೀಲುನೋವಿನ ಸಲ್ಫಾಸಲಝೀನ್, ಸೋಂಕಿಗೆ ಕೊಡುವ ಕೋಟ್ರೈಮಾಕ್ಸಝೋಲ್, ಮನೋರೋಗದ ಕ್ಲೋಝಪಿನ್ ಎಲ್ಲವೂ ಸಾಲಿನಲ್ಲಿ ಮುಂದಿವೆ. ನಿದ್ದೆಗೂ ಹಸಿವಿಗೂ ಆಗುತ್ತದೆಂದು ನಾವೇ ಬರೆಯುವ ಮಿರ್ಟಝಪಿನ್ ಕೂಡ ಅಪರೂಪಕ್ಕೆ ಇದನ್ನು ಮಾಡುತ್ತದೆ. ಕೀಮೋ ನಡೆಯುತ್ತಿದ್ದರೆ ಚಕ್ರದ 7ರಿಂದ 14ನೇ ದಿನದ ನಡುವೆ ಕೌಂಟ್ ತಳ ಮುಟ್ಟುವುದು ನಿರೀಕ್ಷಿತವೇ.

ಬೀದಿಯ ಮಾದಕವಸ್ತು ಬಳಸುವವರಲ್ಲಿ ಇನ್ನೊಂದು ಕೇಳಬೇಕು, ತಪ್ಪು ಹೊರಿಸದ ದನಿಯಲ್ಲಿ. ಕೊಕೇನ್‌ಗೆ, ಕೆಲವೊಮ್ಮೆ ಹೆರಾಯಿನ್‌ಗೂ, ಲೆವಮಿಸೋಲ್ ಎಂಬ ಜಂತುಹುಳದ ಔಷಧಿ ಬೆರೆಸಿರುತ್ತಾರೆ. ಅದು ನ್ಯೂಟ್ರೋಫಿಲ್‌ಗಳನ್ನು ಪೂರ್ತಿ ಅಳಿಸಿಹಾಕಬಲ್ಲದು. ಬೇಗನೆ ದೇಹದಿಂದ ಹೋಗಿಬಿಡುವ ವಸ್ತುವಾದ್ದರಿಂದ ಮೂತ್ರವನ್ನು 48 ಗಂಟೆಯೊಳಗೆ ಕಳಿಸದಿದ್ದರೆ ಪುರಾವೆ ಸಿಗುವುದು ಕಷ್ಟ.

ಔಷಧಿಯಲ್ಲದ ಕಾರಣಗಳನ್ನು ಇಲ್ಲಿ ಬೇಗ ಹೇಳಿಬಿಡುತ್ತೇನೆ: ವೈರಲ್ ಜ್ವರ, ಎಚ್‌ಐವಿ, ಹೆಪಟೈಟಿಸ್, ಬಿ12 ಅಥವಾ ತಾಮ್ರದ ಕೊರತೆ, ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹವನ್ನೇ ಆಕ್ರಮಿಸುವ ಕಾಯಿಲೆ), ಊದಿದ ಗುಲ್ಮ (ಸ್ಪ್ಲೀನ್). ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಕೂಡ ಜೊತೆಜೊತೆಗೇ ಇಳಿದಿದ್ದರೆ ನನ್ನ ಗಮನ ಮೂಳೆಮಜ್ಜೆಯ ಕಡೆ ಹೋಗುತ್ತದೆ, ರಕ್ತತಜ್ಞರಿಗೆ ಅದೇ ದಿನ ತೋರಿಸುತ್ತೇನೆ.

ಒಪಿಯಾಯ್ಡ್ ನಿಜವಾಗಿ ಕೈಯಾಡಿಸುವ ಒಂದು ದಾರಿ ಇದೆ, ಅದನ್ನು ಬಹಳ ಜನ ನೋಡುವುದಿಲ್ಲ. ದೀರ್ಘಕಾಲದ ಬಳಕೆಯಿಂದ ಕಾರ್ಟಿಸೋಲ್ ಹಾರ್ಮೋನು ತಯಾರಿಸುವ ಅಡ್ರಿನಲ್ ಗ್ರಂಥಿ ಸೋಲಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಕಾರ್ಟಿಸೋಲ್ ಕಡಿಮೆಯಾದಾಗ ನ್ಯೂಟ್ರೋಫಿಲ್ ಇಳಿದು ಇಯೋಸಿನೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣ ಏರುತ್ತದೆ. ಸುಸ್ತು, ವಾಕರಿಕೆ, ಎದ್ದು ನಿಂತರೆ ತಲೆಸುತ್ತು ಜೊತೆಗಿದ್ದರೆ ಬೆಳಗ್ಗೆ 8ಕ್ಕೆ ಕಾರ್ಟಿಸೋಲ್ ಕಳಿಸುತ್ತೇನೆ. ಇನ್ನೊಂದು ವಿಷಯ ಸಂಖ್ಯೆಗೆ ಸಂಬಂಧಿಸಿದ್ದಲ್ಲ: ಮಾರ್ಫಿನ್ ಬಿಳಿ ಕಣಗಳ ಎಣಿಕೆಗಿಂತ ಅವುಗಳ ಕೆಲಸವನ್ನು ಹೆಚ್ಚು ಮಂಕಾಗಿಸುತ್ತದೆ. ಕೌಂಟ್ ಸರಿಯಿದೆ ಎಂದು ಸೋಂಕಿನ ಲಕ್ಷಣವನ್ನು ತಳ್ಳಿಹಾಕಬಾರದು.

ಇಷ್ಟೆಲ್ಲ ಆಗಿ ಕೊನೆಗೂ ಒಪಿಯಾಯ್ಡೇ ಉಳಿಯಿತು ಎನ್ನಿ. ಆಗಲೂ ಏಕಾಏಕಿ ನಿಲ್ಲಿಸುವುದಿಲ್ಲ. ಕಡಿಮೆ ಹೊತ್ತು ಕೆಲಸ ಮಾಡುವ ಒಪಿಯಾಯ್ಡ್ ನಿಂತ 8ರಿಂದ 24 ಗಂಟೆಯೊಳಗೆ ಬೆವರು, ಭೇದಿ, ನಡುಕ, ಚಳಿ ಶುರುವಾಗುತ್ತದೆ. ಕೌಂಟ್ ಇಳಿದವರಲ್ಲಿ ಇದು ಸೋಂಕಿನ ಚಳಿಯೋ ಔಷಧಿ ಬಿಟ್ಟ ಚಳಿಯೋ ಎಂದು ಹೇಳುವುದೇ ಕಷ್ಟವಾಗುತ್ತದೆ. ನಾನು ಬದಲಿಸುತ್ತೇನೆ. ಮಾರ್ಫಿನ್, ಕೊಡೀನ್, ಆಕ್ಸಿಕೋಡೋನ್, ಹೈಡ್ರೋಮಾರ್ಫೋನ್ ಒಂದೇ ರಾಸಾಯನಿಕ ಕುಟುಂಬದವು. ಅನುಮಾನ ಇವುಗಳಲ್ಲಿ ಒಂದರ ಮೇಲಿದ್ದರೆ ಆ ಕುಟುಂಬದಿಂದಲೇ ಹೊರಗೆ, ಫೆಂಟನಿಲ್ ಕಡೆಗೆ ಹೋಗುತ್ತೇನೆ. ಬಾಯಿಂದ ದಿನಕ್ಕೆ 60ರಿಂದ 134 ಮಿ.ಗ್ರಾಂ ಮಾರ್ಫಿನ್ ತೆಗೆದುಕೊಳ್ಳುವವರಿಗೆ ಚರ್ಮಕ್ಕೆ ಅಂಟಿಸುವ, ಗಂಟೆಗೆ 25 ಮೈಕ್ರೋಗ್ರಾಂ ಫೆಂಟನಿಲ್ ಬಿಡುವ ಪ್ಯಾಚ್. 12 ಗಂಟೆಯ ಮಾರ್ಫಿನ್ ಮಾತ್ರೆಯ ಕೊನೆಯ ಡೋಸ್ ಕೊಡುವಾಗಲೇ ಪ್ಯಾಚ್ ಅಂಟಿಸುತ್ತೇನೆ. ಅದು ಪೂರ್ತಿ ಕೆಲಸಕ್ಕೆ ಬರಲು 12ರಿಂದ 24 ಗಂಟೆ ಬೇಕು.

ಆದರೆ ಜ್ವರವಿದ್ದರೆ ಪ್ಯಾಚ್ ಬೇಡ. ಮೈ ಬಿಸಿಯಾದಂತೆ ಚರ್ಮದಿಂದ ಫೆಂಟನಿಲ್ ಹೆಚ್ಚು ಹೀರಲ್ಪಡುತ್ತದೆ. ಜ್ವರದ ಮಂಪರು ಎಂದುಕೊಂಡದ್ದು ಓವರ್‌ಡೋಸ್ ಆಗಿರಬಹುದು. ಉಸಿರು ನಿಮಿಷಕ್ಕೆ ಎಷ್ಟು ಎಂದು ಎಣಿಸಿ, ಕಣ್ಣಿನ ಪಾಪೆ ನೋಡಿ. ಮೊದಲೇ ಪ್ಯಾಚ್ ಇದ್ದವರಿಗೆ ಜ್ವರ ಬಂದರೆ ಅದರ ಮೇಲೆ ಕಂಬಳಿಯಾಗಲಿ ಬಿಸಿನೀರಿನ ಚೀಲವಾಗಲಿ ಬೀಳಬಾರದು.

ಎಎನ್‌ಸಿ 500ಕ್ಕಿಂತ ಕೆಳಗಿದ್ದು, ಜ್ವರ ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ 38ರಲ್ಲಿ ಒಂದು ಗಂಟೆ ನಿಂತರೆ ಕಾರಣ ಹುಡುಕುತ್ತ ಕೂರುವ ಸಮಯವಲ್ಲ ಅದು. ರಕ್ತದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡಲು ಎರಡು ಸೆಟ್ ಬ್ಲಡ್ ಕಲ್ಚರ್ ತೆಗೆದು, ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ಮೂತ್ರಪಿಂಡ ಸರಿಯಿದ್ದರೆ ಪಿಪೆರಾಸಿಲಿನ್-ಟಝೋಬ್ಯಾಕ್ಟಮ್ 4.5 ಗ್ರಾಂ 6 ಗಂಟೆಗೊಮ್ಮೆ ಅಥವಾ ಸೆಫೆಪಿಮ್ 2 ಗ್ರಾಂ 8 ಗಂಟೆಗೊಮ್ಮೆ. ನ್ಯೂಟ್ರೋಫಿಲ್ ಏರಿಸುವ ಫಿಲ್‌ಗ್ರಾಸ್ಟಿಮ್ ಬೇಕೆಂದು ರಕ್ತತಜ್ಞರು ಹೇಳಿದರೆ ಕೆ.ಜಿ.ಗೆ ದಿನಕ್ಕೆ 5 ಮೈಕ್ರೋಗ್ರಾಂ, ಚರ್ಮದ ಕೆಳಗೆ. ಟ್ರಮಡಾಲ್ ಅಥವಾ ಕೊಡೀನ್ ಜೊತೆ ಪ್ಯಾರಾಸಿಟಮಾಲ್ ಸೇರಿಸಿದ ಮಾತ್ರೆ ನುಂಗುವವರಲ್ಲಿ ಜ್ವರ ಕಾಣಿಸದೇ ಇರಬಹುದು. ಅವರ ಉಷ್ಣತೆಯನ್ನು ಮಾತ್ರೆ ಕೊಡುವ ಮೊದಲು ಅಳೆಯಿಸುತ್ತೇನೆ, ಕೊಟ್ಟ ಮೇಲಲ್ಲ. ಸಾಧ್ಯವಾದರೆ ಪ್ಯಾರಾಸಿಟಮಾಲ್ ಇಲ್ಲದ ಮಾತ್ರೆಗೆ ಬದಲಿಸುತ್ತೇನೆ.

ವಾರ್ಡಿನಲ್ಲಿ ಸುಲಭವಾಗಿ ಕೈತಪ್ಪುವುದು ಮಲಬದ್ಧತೆ. ಒಪಿಯಾಯ್ಡ್ ಮಲವನ್ನು ಗಟ್ಟಿ ಮಾಡುತ್ತದೆ, ಗಟ್ಟಿ ಮಲ ಗುದದ್ವಾರವನ್ನು ಸೀಳುತ್ತದೆ, ಆ ಸೀಳಿನಿಂದ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ. ನ್ಯೂಟ್ರೋಫಿಲ್ ಇಲ್ಲದವರಲ್ಲಿ ಅಲ್ಲಿ ಕೀವು ಕೂಡ ಕಟ್ಟುವುದಿಲ್ಲ, ಬರೀ ನೋವಿರುತ್ತದೆ. ಹೊರಗಿಂದ ನೋಡಿದರೆ ಚೂರು ಕೆಂಪು, ಅಷ್ಟೇ. ಹಾಗಾಗಿ ಅಲ್ಲಿ ನೋವಿದೆಯೇ ಎಂದು ಬಾಯಿಬಿಟ್ಟು ಕೇಳಬೇಕು, ನಾಚಿಕೆಯಿಂದ ಅವರಾಗಿ ಹೇಳುವುದಿಲ್ಲ. ಎಎನ್‌ಸಿ ಕಡಿಮೆಯಿರುವಾಗ ಎನಿಮಾ, ಸಪೋಸಿಟರಿ, ಬೆರಳಿನ ಪರೀಕ್ಷೆ, ಗುದದ ಥರ್ಮಾಮೀಟರ್ ಯಾವುದೂ ಬೇಡ. ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಸೆನ್ನಾ ರಾತ್ರಿ ಎರಡು ಮಾತ್ರೆ ಶುರುವಾಗಬೇಕು. ಸಾಲದಿದ್ದರೆ ಲ್ಯಾಕ್ಟುಲೋಸ್ 15 ಮಿ.ಲೀ. ಎರಡು ಹೊತ್ತು. ಅದಕ್ಕೂ ಬಗ್ಗದಿದ್ದರೆ, ಕರುಳಿನಲ್ಲಿ ಅಡಚಣೆಯಿಲ್ಲವೆಂದು ಖಚಿತವಾದ ಮೇಲೆ, ಕರುಳಿನಲ್ಲಿ ಒಪಿಯಾಯ್ಡಿನ ಪರಿಣಾಮವನ್ನು ತಡೆಯುವ ಮಿಥೈಲ್‌ನಾಲ್‌ಟ್ರೆಕ್ಸೋನ್, ಚರ್ಮದ ಕೆಳಗೆ.

ಅನುಮಾನದ ಔಷಧಿ ನಿಂತ ಮೇಲೆ ಕೌಂಟ್ ಏರಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಎಎನ್‌ಸಿ 500ಕ್ಕಿಂತ ಕೆಳಗಿದ್ದಾಗ ದಿನಾ, ಅದರ ಮೇಲೆ ಬಂದಾಗ ವಾರಕ್ಕೆರಡು ಸಲ, 1,500 ದಾಟಿದ ಮೇಲೆ ತಿಂಗಳ ತನಕ ವಾರಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೇನೆ. ಒಂದೇ ದಿನ ಎರಡು ಮೂರು ಔಷಧಿ ಒಟ್ಟಿಗೆ ನಿಲ್ಲಿಸಿದ್ದರೆ ಯಾವುದು ಕಾರಣ ಎಂದು ಆಮೇಲೆ ಯಾರೂ ಹೇಳಲಾರರು, ನಿರಪರಾಧಿ ಮಾರ್ಫಿನ್ ಮೇಲೆ ಜೀವನಪೂರ್ತಿ ಅಲರ್ಜಿ ಎಂಬ ಮುದ್ರೆ ಬೀಳುತ್ತದೆ. ಜೀವಕ್ಕೆ ಅಪಾಯವಿದ್ದರೆ ಎಲ್ಲವನ್ನೂ ನಿಲ್ಲಿಸಬೇಕು ನಿಜ, ಆಗ ಫೈಲಿನಲ್ಲಿ ಬರೆಯುವ ಪದ "ಸಂಭಾವ್ಯ" ಎಂದಿರಲಿ, "ಖಚಿತ" ಎಂದಲ್ಲ. ಮನೆಗೆ ಹೋಗುವಾಗ ಕೊಡುವ ಕಾರ್ಡಿನಲ್ಲಿ ನಾನು ಬರೆಯುವುದು ನಾಲ್ಕೇ: ನಿಲ್ಲಿಸಿದ ಔಷಧಿಗಳ ಹೆಸರು, ಅತಿ ಕಡಿಮೆ ಎಎನ್‌ಸಿ ಮತ್ತು ಅದರ ದಿನಾಂಕ, ಈಗಿನ ನೋವಿನ ಔಷಧಿ ಮತ್ತು ಡೋಸ್; ಕೊನೆಯದಾಗಿ, ಗಂಟಲು ನೋವು, ಬಾಯಿಹುಣ್ಣು, ಜ್ವರ ಅಥವಾ ಚಳಿ ಬಂದರೆ ಕಾಯದೆ ಅದೇ ಗಂಟೆಗೆ ಆಸ್ಪತ್ರೆಗೆ ಬರಬೇಕೆಂಬ ಮಾತು.